ಎಂಟುನೂರರಲ್ಲಿ ನಿಂತ ಅಂಕಿ

"ಗುರುಗಳೇ, ನನ್ನ ಮನಸ್ಸು ಈಗ ಯಾವುದಕ್ಕೂ ಏಳುವುದಿಲ್ಲ. ಇದು ಸಾಧನೆ ಫಲಿಸಿದ ಗುರುತೇ?" ಎಂದು ಚೆನ್ನವೀರ ಕೇಳಿದ.

ಅವನು ಮಠದ ಓಲೆಗರಿಗಳನ್ನು ಕಂಪ್ಯೂಟರಿಗೆ ಏರಿಸುವ ಶಿಷ್ಯ. ಒಂಬತ್ತು ದಿನಗಳ ಹಿಂದೆ ಭಾವನಿಂದ ಫೋನು ಬಂದಿತ್ತು. ಅಕ್ಕನಿಗೆ ಕಾಯಿಲೆ ಬಲವಾಗಿದೆ, ನಿನ್ನನ್ನೇ ಕೇಳುತ್ತಿದ್ದಾಳೆ ಎಂದಿದ್ದರು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಆ ಅಕ್ಕ. ಚೆನ್ನವೀರ "ಆಗಲಿ" ಎಂದು ಫೋನು ಇಟ್ಟು ಮುಂದಿನ ಗರಿಗೆ ಕೈ ಹಾಕಿದ್ದ. ಉಸಿರು ಕೂಡ ಬಿರುಸಾಗಲಿಲ್ಲ, ಊರಿಗೂ ಹೋಗಲಿಲ್ಲ. ಅದನ್ನು ಈಗ ತುಸು ಹೆಮ್ಮೆಯಿಂದಲೇ ಹೇಳಿದ.

ಗುರುಗಳು ಒಂದು ಕತೆ ಶುರುಮಾಡಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಕಾವಲುಗಾರನಿದ್ದ. ತಗಡಿನ ಕೋಣೆ, ಅದರಲ್ಲೊಂದು ಕಂಪ್ಯೂಟರು. ಮೇಲಿನ ಊರುಗಳಲ್ಲಿ ಎಷ್ಟು ಮಳೆ ಬಿತ್ತೆಂಬ ಸುದ್ದಿ ಅದಕ್ಕೆ ಬರುತ್ತಿತ್ತು. ಜನ ಹೊಳೆ ದಾಟುವ ಕಡವಿಗೆ ನೆರೆ ಎಷ್ಟು ಹೊತ್ತಿಗೆ ಬಂದೀತು ಎಂದು ಅದು ಲೆಕ್ಕ ಹಾಕಿ ಹೇಳುತ್ತಿತ್ತು. ಅದನ್ನು ಕೇಳಿಕೊಂಡೇ ಒಬ್ಬ ಅಂಬಿಗ ಹರಿಗೋಲು ಬಿಡುತ್ತಿದ್ದ.

ಅಂಥ ಯಂತ್ರದ ಪ್ರೊಸೆಸರಿಗೆ ಒಂದು ಗುಣವುಂಟು, ನಿನಗೂ ಗೊತ್ತು. ಕೆಲಸವಿಲ್ಲದಾಗ ಅದರ ವೇಗ ತಾನಾಗಿ ಇಳಿಯಬೇಕು, ಭಾರ ಬಿದ್ದಾಗ ತಾನಾಗಿ ಏರಬೇಕು. ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ದಿನವೂ ನೋಡಿ ಬರೆದಿಡುವುದು ಕಾವಲುಗಾರನ ಕೆಲಸ. ಬೇಸಿಗೆಯಲ್ಲಿ ತಗಡು ಕಾಯಿತು, ಯಂತ್ರವೂ ಕಾಯಿತು, ಫ್ಯಾನು ಹುಯಿಲೆಬ್ಬಿಸಿತು. ಕಾವಲುಗಾರನಿಗೆ ತಲೆ ಚಿಟ್ಟುಹಿಡಿಯಿತು. ಒಂದು ಮಧ್ಯಾಹ್ನ ಸೆಟ್ಟಿಂಗಿಗೆ ಹೋಗಿ, ವೇಗ ಎಂಟುನೂರು ಮೆಗಾಹರ್ಟ್ಸ್ ದಾಟದಂತೆ ಕಟ್ಟಿಹಾಕಿದ. ಮೂರು ಸಾವಿರಕ್ಕೆ ಏರಬಲ್ಲ ಯಂತ್ರ ಅದು. ಫ್ಯಾನು ಸುಮ್ಮನಾಯಿತು. ಅವನು ಹಾಯಾಗಿ ನಿದ್ದೆ ಮಾಡಿದ.

ಅಂದಿನಿಂದ ದಿನಾ ಬೆಳಿಗ್ಗೆ ನೋಡಿದರೆ ಎಂಟುನೂರು. ಸದ್ದಿಲ್ಲ, ಬಿಸಿಯಿಲ್ಲ. ಸರಿಯಿದೆ ಎಂದು ಬರೆಯುತ್ತಿದ್ದ. ಬೆಳಗಿನ ಹೊತ್ತು ಯಂತ್ರಕ್ಕೆ ಏನು ಕೆಲಸ? ಕೆಲಸವಿಲ್ಲದಾಗ ಕೆಳಗಿರುವುದನ್ನು ಕಂಡ. ಭಾರ ಹೊರಿಸಿದರೆ ಮೇಲೇಳುತ್ತದೆಯೇ ಎಂದು ಒಮ್ಮೆಯೂ ನೋಡಲಿಲ್ಲ. ಮಳೆಯಿಲ್ಲದ ದಿನಗಳಲ್ಲಿ ಲೆಕ್ಕವೂ ಸಣ್ಣದು. ಅಂಬಿಗ ಒಂದು ಎಲೆ ಮೆಲ್ಲುವಷ್ಟರಲ್ಲಿ ಉತ್ತರ ಬರುತ್ತಿತ್ತು. ಮೂರು ತಿಂಗಳಲ್ಲಿ ಕಾವಲುಗಾರನಿಗೆ ತಾನು ಕಟ್ಟಿಹಾಕಿದ್ದೇ ಮರೆತುಹೋಯಿತು. ತನ್ನಷ್ಟು ಚೆನ್ನಾಗಿ ಯಂತ್ರ ನೋಡಿಕೊಳ್ಳುವವರಿಲ್ಲ ಎಂದು ಬಂದವರೆದುರು ಕೊಚ್ಚಿಕೊಳ್ಳುತ್ತಿದ್ದ.

ಶ್ರಾವಣದಲ್ಲಿ ಒಂದು ದಿನ ಮೇಲಿನ ನಲವತ್ತು ಊರುಗಳಲ್ಲಿ ಒಟ್ಟಿಗೆ ಮಳೆ ಹೊಡೆಯಿತು. ನಲವತ್ತರ ಸುದ್ದಿಯೂ ಒಮ್ಮೆಲೇ ಬಂತು. ಯಂತ್ರ ಎಣಿಸತೊಡಗಿತು. ಫ್ಯಾನು ಸದ್ದು ಮಾಡಲಿಲ್ಲ. ಅಂಕಿ ಎಂಟುನೂರರಿಂದ ಕದಲಲಿಲ್ಲ. ಉತ್ತರವೂ ಬರಲಿಲ್ಲ. ಆ ಮೌನಕ್ಕೆ ಕಾವಲುಗಾರನಿಗೆ ಮೊದಲ ಸಲ ಭಯವಾಯಿತು.

ಅಂಬಿಗ ಬಾಗಿಲಲ್ಲಿ ನಿಂತಿದ್ದ. ಹರಿಗೋಲಿನಲ್ಲಿ ಆಗಲೇ ಹನ್ನೊಂದು ಮಂದಿ ಕೂತಿದ್ದರು.

"ಏನರ ಇದ್ರ ಇಷ್ಟೊತ್ತಿಗೆ ಹೇಳತಿತ್ತಲ್ಲೋ ಯಪ್ಪಾ," ಎಂದ ಅಂಬಿಗ. "ಅದು ಸುಮ್ಮನೈತಿ ಅಂದ್ರ ಹೊಳಿನೂ ಸುಮ್ಮನೈತಿ. ಬಿಡ್ಲೇನು?"

ಕಾವಲುಗಾರ ಬೇಡ ಎನ್ನಬಹುದಿತ್ತು. ಬೇಡವೆಂದರೆ ಯಂತ್ರದಲ್ಲಿ ಏನೋ ಕೆಟ್ಟಿದೆ ಎಂದು ಒಪ್ಪಿದಂತಾಗುತ್ತಿತ್ತು. ಅವನ ನಾಲಿಗೆ ಏಳಲಿಲ್ಲ. ಅಂಬಿಗ ಹೋದ.

ಆಮೇಲೆ ಕಾವಲುಗಾರನಿಗೆ ತಾನು ವೇಗ ಕಟ್ಟಿಹಾಕಿದ್ದು ನೆನಪಾಯಿತು. ಸೆಟ್ಟಿಂಗು ತೆರೆದು ಕಟ್ಟು ಬಿಚ್ಚಿದ. ಫ್ಯಾನು ಹುಯಿಲಿಟ್ಟಿತು, ಅಂಕಿ ಮೂರು ಸಾವಿರಕ್ಕೆ ನೆಗೆಯಿತು, ಉತ್ತರ ಬಂತು. ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಹೊರಗೆ ಓಡಿ ನೋಡಿದರೆ ಕೆಂಪು ನೀರು ಕಡವಿನ ಮೆಟ್ಟಿಲುಗಳನ್ನು ನುಂಗಿತ್ತು. ಹರಿಗೋಲು ಕಾಣಲಿಲ್ಲ. ಹನ್ನೆರಡು ಮಂದಿಯಲ್ಲಿ ಇಬ್ಬರು ದಡ ಸೇರಿದರು. ಅಂಬಿಗ ಅವರಲ್ಲಿರಲಿಲ್ಲ. ಕಾವಲುಗಾರ ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಎಲ್ಲಾದರೂ ಫ್ಯಾನು ತಿರುಗುವ ಸದ್ದು ಕೇಳಿದರೆ ಎದ್ದು ಹೋಗಿಬಿಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಆ ಕಾವಲುಗಾರನ ಮೇಲೆ ಸಿಟ್ಟು ಬಂದಿತ್ತು.

"ಭಾರ ಹಾಕಿ ನೋಡಬೇಕಿತ್ತು ಗುರುಗಳೇ," ಎಂದ. ತನ್ನ ಕಸುಬಿನ ಮಾತಾದ್ದರಿಂದ ಬೇಗನೆ ಬಂತು. "ಭಾರ ಬಿದ್ದಾಗಲೂ ಏಳದಿದ್ದರೆ ಅದು ಶಾಂತವಾಗಿದೆ ಎಂದಲ್ಲ, ಕಟ್ಟಿಹಾಕಿದ್ದಾರೆ ಎಂದು ಅರ್ಥ."

ಗುರುಗಳು ಕೇಳಿದರು: "ನಿನ್ನ ಅಕ್ಕನ ಊರು ಇಲ್ಲಿಂದ ಎಷ್ಟು ಗಂಟೆಯ ದಾರಿ?"

ನಾಲ್ಕು ಗಂಟೆಯ ದಾರಿ. ಅದನ್ನು ಹೇಳಲು ಚೆನ್ನವೀರನಿಗೆ ನಾಲಿಗೆ ಏಳಲಿಲ್ಲ.