ಪೂಜೆ ತಪ್ಪಿಸಿಕೊಂಡ ಪುಸ್ತಕ

ಸರಸ್ವತಿ ಪೂಜೆಯ ದಿನ ಯಾರೂ ಪುಸ್ತಕ ತೆರೆಯುವಂತಿಲ್ಲ. ಕಮಲಾಕ್ಷಮ್ಮ ಆ ವರ್ಷ ಓದಿದ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮವಿಟ್ಟು, ಕೈಮುಗಿದು ಒಳಗೆ ಹೋದರು.

ಎಲ್ಲದರ ಮೇಲೆ ಕುಳಿತಿದ್ದ ದಪ್ಪ ಪುಸ್ತಕ, ಅಡುಗೆಮನೆ ಬಾಗಿಲ ಮೇಲಿದ್ದ ಹಲ್ಲಿಯನ್ನು ಕರೆದು ಬೀಗಿತು: "ನೋಡಿದೆಯಾ? ಈ ವರ್ಷ ಅಮ್ಮ ಎಲ್ಲಕ್ಕಿಂತ ಮೆಚ್ಚಿದ್ದು ನನ್ನನ್ನೇ. ಆ ರಟ್ಟು ಹರಿದ ಕಥೆಪುಸ್ತಕಕ್ಕೆ ಮಣೆಯ ಮೇಲೆ ಜಾಗವೂ ಸಿಗಲಿಲ್ಲ, ಪಾಪ!"

"ಅದೆಲ್ಲಿದೆ, ಗೊತ್ತೇ?" ಎಂದಿತು ಹಲ್ಲಿ.

"ರದ್ದಿಗೆ ಹೋಗಿರಬೇಕು."

"ಇಲ್ಲ, ಒಲೆಯ ಮುಂದಿದೆ. ಅಮ್ಮನ ಒಂದು ಕೈಯಲ್ಲಿ ಪಾಯಸದ ಸೌಟು, ಇನ್ನೊಂದರಲ್ಲಿ ಅದು. 'ತಾಯಿ ಶಾರದೆ, ಇದೊಂದೇ ಪುಟ, ಕ್ಷಮಿಸು' ಎನ್ನುತ್ತಾ ಪುಟ ತಿರುಗಿಸುತ್ತಲೇ ಇದ್ದಾರೆ."

"ಸುಳ್ಳು!" ಎಂದಿತು ದಪ್ಪ ಪುಸ್ತಕ.

ಅಷ್ಟರಲ್ಲಿ ಪಾಯಸ ತಳ ಹಿಡಿದ ವಾಸನೆ ಮಣೆಯವರೆಗೂ ಬಂತು.