ಒದ್ದೆ ತೊಟ್ಟಿಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮೂರು ವರ್ಷದಿಂದ ಒಂದು ಚಿತ್ರಪಟ ಬರೆಯುತ್ತಿದ್ದೇನೆ. ಇನ್ನೂ ತಿದ್ದುವುದಿದೆ ಎಂದು ಗೊತ್ತಿದ್ದೂ ಅದನ್ನು ನಾಲ್ಕು ಜನರ ಮುಂದೆ ಬಿಚ್ಚುವುದು ತಪ್ಪಲ್ಲವೇ?"

ಗುರುಗಳು ಹೇಳಿದರು:

ನೇಕಾರರ ಊರೊಂದರಲ್ಲಿ ಒಬ್ಬ ಹೆಂಗಸಿದ್ದಳು. ಹಳೆಯ ಕಾಗದವನ್ನು ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿ ಬುಟ್ಟಿ ಮಾಡುವುದು ಆ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ಕೆಲಸ. ಇವಳಿಗೆ ಅಷ್ಟು ಸಾಲದು. ರುಬ್ಬಿದ ಕಾಗದಕ್ಕೆ ಬಾಳೆನಾರು ಬೆರೆಸಿದಳು. ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡು ಬೆರೆಸಿದಳು. ಎರಡು ಪದರದ ನಡುವೆ ಹರಿದ ಸೀರೆ ಇಟ್ಟಳು. ಒಂದು ಬುಟ್ಟಿ ಹಲಗೆಯಷ್ಟು ಗಟ್ಟಿಯಾಯಿತು, ಇನ್ನೊಂದು ಹಪ್ಪಳದ ಹಾಗೆ ಮುರಿಯಿತು. ಎರಡನ್ನೂ ನೋಡಿ ನಕ್ಕಳು. ಮುರಿದದ್ದನ್ನು ಮತ್ತೆ ನೆನೆಹಾಕಿದಳು.

ಅವಳ ಮಗಳು ಹೆರಿಗೆಗೆ ತವರಿಗೆ ಬಂದು ಹೆಣ್ಣುಮಗುವನ್ನು ಹೆತ್ತಳು. ಮೂರನೇ ತಿಂಗಳಿಗೆ ನಾಮಕರಣ. ತೊಟ್ಟಿಲು ತವರಿನದು. ತಾಯಿ ತಾನೇ ಮಾಡುತ್ತೇನೆಂದಳು. ಮಗಳು ಹಿಗ್ಗಿ, "ನನ್ನ ಮಗಳು ಮಲಗುವುದು ಅಮ್ಮ ಮಾಡಿದ ತೊಟ್ಟಿಲಲ್ಲೇ" ಎಂದು ಗಂಡನ ಮನೆಗೆಲ್ಲ ಹೇಳಿಕಳುಹಿಸಿದಳು. ಅತ್ತೆಯಿಂದ ಉತ್ತರ ಬಂತು: "ಕಾಗದದ್ದೇ? ಇರಲಿ. ನಾವು ಮರದ್ದೊಂದು ತಂದಿರುತ್ತೇವೆ."

ಬುಟ್ಟಿ ಕೆಟ್ಟರೆ ನಗುತ್ತಿದ್ದವಳು ಈಗ ಒಂದೊಂದು ಹಿಡಿಯನ್ನೂ ಅಳೆದು ಹಾಕಿದಳು. ದೊಡ್ಡ ಬಾನಿಯ ಮೇಲೆ ತೊಟ್ಟಿಲು ಮೆತ್ತಿದಳು. ಅಂಚು ಸರಿಯಿಲ್ಲ ಎನಿಸಿತು. ಒಣಗಿದರೆ ತಿದ್ದಲಾಗದು ಎಂದು ಒದ್ದೆ ಬಟ್ಟೆ ಹೊದಿಸಿದಳು. ಮರುದಿನ ಒಂದು ಹಿಡಿ ಕಿತ್ತು ನೂಲು ತುಂಬಿದಳು. ಅದರ ಮರುದಿನ ನೂಲು ಕಿತ್ತು ನಾರು ತುಂಬಿದಳು. ಮೆಂತ್ಯ ಹುಳಿಯಿತು. ವಾಸನೆಗೆ ಬೇವಿನ ಸೊಪ್ಪು ಹಾಕಿ ಮತ್ತೆ ಬಟ್ಟೆ ನೆನೆಸಿದಳು.

ನಾಮಕರಣಕ್ಕೆ ಆರು ದಿನ ಇದ್ದಾಗ ಹಳೆ ಕಾಗದದ ವ್ಯಾಪಾರಿ ಹೊಸ ಹೊರೆ ತಂದ.

"ಅಕ್ಕಾ, ಹೋದ ಸಲ ನೋಡಿದ ತೊಟ್ಟಿಲೇ ತಾನೆ ಇದು?"

"ಅದೇ. ಇನ್ನೊಂದು ಪದರ ಹಾಕಿದರೆ ಅಂಚು ನೇರ ನಿಲ್ಲುತ್ತೆ."

"ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಅಂತಾರೆ. ನೀವು ಕೂಸು ಶಾಲೆಗೆ ಹೋದ ಮೇಲೆ ತೊಟ್ಟಿಲು ಕಟ್ಟೋ ಹಾಗೆ ಕಾಣುತ್ತೆ."

"ಒಣಗಿದರೆ ಆಮೇಲೆ ಬದಲಾಯಿಸೋಕೆ ಬರಲ್ಲ, ಅಣ್ಣಾ."

"ಒದ್ದೆ ತೊಟ್ಟಿಲಲ್ಲಿ ಮಗು ಮಲಗಿಸೋಕೂ ಬರಲ್ಲ. ನನಗೇನು, ನೀವು ಹೀಗೇ ಕೀಳುತ್ತಾ ಇದ್ದರೆ ನನ್ನ ಕಾಗದ ಖರ್ಚಾಗುತ್ತೆ" ಎಂದು ಹೊರೆ ಇಳಿಸಿ ಹೊರಟ.

ಅವಳು ಬಟ್ಟೆ ನೆನೆಸಲೆಂದು ತೆಗೆದಳು. ಸ್ವಲ್ಪ ಹೊತ್ತು ಹಿಡಿದು ನಿಂತಳು. ಆಮೇಲೆ ಅದನ್ನು ಹಿಂಡಿ ಹಗ್ಗದ ಮೇಲೆ ಹರವಿ, ತೊಟ್ಟಿಲನ್ನು ಬಾನಿಯ ಸಮೇತ ಬಿಸಿಲಿಗೆ ಎಳೆದಳು.

ಐದು ದಿನದಲ್ಲಿ ತೊಟ್ಟಿಲು ಒಣಗಿತು. ನಾರು ಒಂದು ಕಡೆ ಎಳೆದು ಅಂಚು ಎರಡು ಬೆರಳು ಸೊಟ್ಟಗಾಯಿತು. ಇನ್ನು ಮಾಡುವಂಥದ್ದೇನೂ ಇರಲಿಲ್ಲ. ಹಗ್ಗ ಪೋಣಿಸಿ ತೊಲೆಗೆ ತೂಗುಹಾಕಿದಳು.

ಬೀಗರು ಗಾಡಿಯಲ್ಲಿ ಮರದ ತೊಟ್ಟಿಲು ಹೇರಿಕೊಂಡೇ ಬಂದರು. ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವುದು ಅವರ ಪದ್ಧತಿ. ಮಗಳ ಅತ್ತೆ ಸೊಟ್ಟ ಅಂಚನ್ನು ಒಮ್ಮೆ ನೋಡಿ, ಮನೆಯಲ್ಲಿದ್ದ ಕಲ್ಲುಗಳಲ್ಲಿ ದೊಡ್ಡದನ್ನೇ ಆರಿಸಿದಳು. ಮಗಳು ಕಣ್ಣು ಮುಚ್ಚಿಕೊಂಡಳು. ಅತ್ತೆ ಕಲ್ಲು ಇಟ್ಟಳು.

ಢಂ ಎಂದಿತು.

ತೊಟ್ಟಿಲು ಹರಿಯಲಿಲ್ಲ. ಅತ್ತೆ ತೂಗಿದಳು. ಕಲ್ಲು ಉರುಳಿ ಆ ಬದಿಗೆ ಬಡಿಯಿತು, ಈ ಬದಿಗೆ ಬಡಿಯಿತು. ಢಂ, ಢಂ. ಬೆಳಗಿನಿಂದ ಅಳುತ್ತಿದ್ದ ಮಗು ಸುಮ್ಮನಾಗಿ ಆ ಕಡೆ ತಿರುಗಿತು. ಮೂರನೆಯ ಸಲ ನಕ್ಕಿತು. ಕಲ್ಲು ತೆಗೆದು ಮಗುವನ್ನು ಮಲಗಿಸಿದ ಮೇಲೆ ಹೆಂಗಸರು ಸುತ್ತ ನಿಂತು ತೊಟ್ಟಿಲಿನ ಹೊರಮೈಗೆ ಬೆರಳು ತಟ್ಟಿ ತಾಳ ಹಾಕಿದರು. ಜೋಗುಳ ಕುಣಿತದ ಹಾಡಾಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಯೂ ತಾಳದಲ್ಲಿ ಮೈಮರೆತು, ಎರಡು ಸಲ ಕರೆದ ಮೇಲೆ ಬಂದಳು. ಮರದ ತೊಟ್ಟಿಲಲ್ಲಿ ಆ ದಿನ ತೆಂಗಿನಕಾಯಿ ತುಂಬಿಟ್ಟರು.

"ಬೀಗಿತಿ, ಇದಕ್ಕೆ ಏನೇನು ಹಾಕಿದಿರಿ?" ಎಂದು ಮಗಳ ಅತ್ತೆ ಕೇಳಿದಳು.

"ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿದೆ. ಈ ಸದ್ದೊಂದನ್ನು ನಾನು ಹಾಕಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಅವಳ ಅದೃಷ್ಟ ಚೆನ್ನಾಗಿತ್ತು. ಆ ಬಿಸಿಲಿಗೆ ತೊಟ್ಟಿಲು ಬಿರುಕು ಬಿಟ್ಟಿದ್ದರೆ?"

ಗುರುಗಳು ಹೇಳಿದರು: "ಮೂರು ವರ್ಷದಲ್ಲಿ ನಿನ್ನ ಪಟ ಯಾವ ಬಿಸಿಲು ಕಂಡಿದೆ, ಹೇಳು."