ಕಾಶವ್ವನ ರೊಟ್ಟಿ ಬಟ್ಟೆ

"ಗುರುಗಳೇ, ಒಬ್ಬನನ್ನು ತಿದ್ದುವಾಗ ಬಿಗಿ ಎಷ್ಟಿರಬೇಕು?" ಎಂದು ಮುರುಗಯ್ಯ ಕೇಳಿದ.

ಮುರುಗಯ್ಯ ಮಠದ ಪಾಠಶಾಲೆಯ ಹಿರಿಯ ಶಿಷ್ಯ. ಹೊಸದಾಗಿ ಸೇರಿದ ಒಬ್ಬ ಮುಂಗೋಪಿಯನ್ನು ತಿದ್ದುವ ಕೆಲಸವನ್ನು ಗುರುಗಳು ಅವನಿಗೆ ವಹಿಸಿ ಮೂರು ತಿಂಗಳಾಗಿತ್ತು.

"ನನ್ನೆದುರಿಗೆ ಅವನಷ್ಟು ವಿನಯವಂತ ಈ ಮಠದಲ್ಲೇ ಇಲ್ಲ. ಕೈ ಮುಗಿಯುತ್ತಾನೆ, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ನಾಲ್ಕು ಜನರ ಮುಂದೆ ಅವನನ್ನು ಹೊಗಳಿದ್ದೆ. ನಿನ್ನೆ ನಾನು ಊರಲ್ಲಿರಲಿಲ್ಲ. ಅಡುಗೆಯವರ ಮೇಲೆ ತಟ್ಟೆ ಎಸೆದನಂತೆ. ನಿಯಮಗಳನ್ನು ಇನ್ನೂ ಬಿಗಿ ಮಾಡಲೇ?"

ಗುರುಗಳು ನಕ್ಕರು. "ಬಿಗಿಯ ಅಳತೆ ನನಗೂ ಗೊತ್ತಿಲ್ಲಪ್ಪ. ಅದನ್ನು ಕಲಿತವನೊಬ್ಬನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಪಟ್ಟಣದಲ್ಲಿ ಸ್ಪ್ಲಿಂಟ್ ಮಾಡುವವನೊಬ್ಬನಿದ್ದ. ಮುರಿದ ಮೂಳೆ ಕೂಡಿದ ಮೇಲೂ ಕೆಲವರ ಕೈ ಬಿಗಿದುಕೊಂಡೇ ಇರುತ್ತದೆ. ಅಂಥ ಕೈ ಮತ್ತೆ ಆಡುವಂತೆ ಮಾಡಲು ಕಟ್ಟುವ ಸಾಧನವೇ ಸ್ಪ್ಲಿಂಟ್. ಅವನು ಕೈಚಳಕದವನು. ಅವನು ಮಾಡಿದ್ದರಲ್ಲಿ ಒಂದು ಹೊಲಿಗೆಯೂ ಸೊಟ್ಟಗಿರುತ್ತಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಒಂದು ದಿನ ಅವನ ಬಳಿಗೆ ಖಾನಾವಳಿಯ ಕಾಶವ್ವ ಬಂದಳು. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದು ಊರಿಗೆ ಉಣಿಸಿದವಳು. ಮೆಟ್ಟಿಲಿನಿಂದ ಬಿದ್ದು ಅವಳ ಬಲ ಮುಂಗೈಯ ಮೂಳೆ ಮುರಿದಿತ್ತು. ಈಗ ಪ್ಲಾಸ್ಟರ್ ಬಿಚ್ಚಿಯಾಗಿತ್ತು, ಮೂಳೆಯೂ ಕೂಡಿತ್ತು. ಆದರೆ ಮುಂಗೈ ತಿರುಗುತ್ತಿರಲಿಲ್ಲ. ಅಂಗೈ ಸದಾ ನೆಲ ನೋಡುತ್ತಿತ್ತು.

"ರೊಟ್ಟಿ ಬಡಿಯಾಕ ಬರತೈತಿ ಯಪ್ಪಾ. ಅಂಗೈ ಮ್ಯಾಲೆ ತಗೊಂಡು ಹಂಚಿಗೆ ಹಾಕಾಕ ಬರವಲ್ದು. ಒಲಿ ಆರಿ ಎರಡು ತಿಂಗಳಾತು. ಎಡಗೈಲೆ ಉಣ್ಣಾಕತ್ತೇನಿ" ಎಂದಳು. ಕೊನೆಯ ಮಾತು ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ.

ಡಾಕ್ಟರು ಅವಳಿಗೆ ಒಂದು ಗಡುವು ಹೇಳಿದ್ದರು. ಇನ್ನೆರಡು ತಿಂಗಳಲ್ಲಿ ಎಷ್ಟು ತಿರುಗಿತೋ ಅಷ್ಟೇ ಬಂತು, ಆಮೇಲೆ ಕೈ ಇದ್ದ ಹಾಗೇ ಉಳಿದುಬಿಡಬಹುದು ಎಂದಿದ್ದರು. ಆ ಒಲೆ ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಅವನು ಅಳತೆ ತೆಗೆದು ಸ್ಪ್ಲಿಂಟ್ ಮಾಡಿದ. ಮೊಣಕೈ ಮಡಿಸಿ ತೋಳಿಗೊಂದು ಪಟ್ಟಿ, ಮಣಿಕಟ್ಟಿಗೊಂದು ಪಟ್ಟಿ. ಎರಡರ ನಡುವೆ ಬಳ್ಳಿಯಂತೆ ಮುಂಗೈಯನ್ನು ಸುತ್ತಿ ಹೋಗುವ ರಬ್ಬರ್ ಕೊಳವೆ. ಕೊಳವೆಯ ತುದಿಯ ಕೊಕ್ಕೆಯನ್ನು ತೋಳಿನ ಪಟ್ಟಿಯ ತೂತಿಗೆ ಸಿಕ್ಕಿಸಿದರೆ ಅದು ಅಂಗೈಯನ್ನು ಮೆಲ್ಲಗೆ ಮೇಲ್ಮುಖವಾಗಿ ತಿರುಗಿಸುತ್ತದೆ. ಪಟ್ಟಿಯಲ್ಲಿ ಎಂಟು ತೂತುಗಳಿದ್ದವು. ಮೊದಲ ವಾರ ಮೊದಲ ತೂತು ದಾಟಬಾರದು ಎಂದು ಅವನೇ ಬೇರೆಯವರಿಗೆ ಹೇಳುತ್ತಿದ್ದ.

ಆದರೆ ಕಾಶವ್ವನಿಗೆ ಅವಸರ, ಅವನಿಗೆ ತನ್ನ ಕೈಗುಣದ ಹೆಮ್ಮೆ. ಎರಡೂ ಸೇರಿ ಮೊದಲ ದಿನವೇ ಕೊಕ್ಕೆ ನಾಲ್ಕನೆಯ ತೂತಿಗೆ ಹೋಯಿತು. ಮುಂದಿನ ವಾರ ಆರನೆಯದಕ್ಕೆ ಹೋಯಿತು. ಮೂರನೆಯ ವಾರದ ಕೊನೆಗೆ ಅವಳು ಅವನೆದುರು ಕುರ್ಚಿಯ ಮೇಲೆ ಕುಳಿತು ಕೈ ಚಾಚಿದಳು. ಅಂಗೈ ಆಕಾಶ ನೋಡುತ್ತಿತ್ತು. ಅವನು ಕುಣಿಯುವುದೊಂದೇ ಬಾಕಿ. ಅಕ್ಕಪಕ್ಕದ ಕೋಣೆಯವರನ್ನೆಲ್ಲ ಕರೆದು ತೋರಿಸಿದ. "ಹೋಗಿ ಒಲಿ ಹಚ್ಚವಾ" ಎಂದು ಕಳುಹಿಸಿದ.

ಮರುದಿನ ಅವಳು ಮತ್ತೆ ಬಂದಳು. ರೊಟ್ಟಿ ಸುತ್ತಿಡುವ ಬಟ್ಟೆಯನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗಿದ್ದದ್ದು ಹರಿದ ರೊಟ್ಟಿಗಳು, ಬೂದಿ ಮೆತ್ತಿದ ರೊಟ್ಟಿಗಳು. ಒಂದೂ ಹಂಚಿನ ಮೇಲೆ ನೆಟ್ಟಗೆ ಬಿದ್ದಿರಲಿಲ್ಲ.

ನಡೆದದ್ದು ಇಷ್ಟು. ಕಾಶವ್ವನ ಒಲೆ ಇರುವುದು ಮೂಲೆಯಲ್ಲಿ, ಬಲಕ್ಕೆ ಗೋಡೆ. ಅಂಗೈಯನ್ನು ಮೇಲ್ಮುಖ ಮಾಡಬೇಕೆಂದಾಗಲೆಲ್ಲ ಅವಳ ಮೈ ಬಲಕ್ಕೆ ವಾಲುತ್ತಿತ್ತು, ಮೊಣಕೈ ಪಕ್ಕೆ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ವಾಲಿದರೆ ಭುಜ ಗೋಡೆಗೆ ಬಡಿಯುತ್ತದೆ. ಮೊಣಕೈ ಮುಂದಕ್ಕೆ ಹೋದರೆ ಉರಿ ತಾಗುತ್ತದೆ. ಕುರ್ಚಿಯ ಮೇಲೆ ಅವಳನ್ನು ತಡೆಯುವ ಗೋಡೆಯೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ.

ಅವನು ಅವಳನ್ನು ನೆಲದ ಮೇಲೆ ಗೋಡೆಗೆ ಭುಜ ತಾಗಿಸಿ ಕೂರಿಸಿದ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, "ಈಗ ತಿರುಗಸವಾ" ಎಂದ. ಹೆಬ್ಬೆರಳು ಮೇಲೆ ಬಂದು ಅಲ್ಲೇ ನಿಂತಿತು. ಅಂಗೈ ಅರ್ಧ ದಾರಿಯನ್ನೂ ದಾಟಲಿಲ್ಲ. ಮೂರು ವಾರ ಅವನು ನೋಡಿ ಹಿಗ್ಗಿದ್ದು ಭುಜದ ಆಟವನ್ನು, ಸೊಂಟದ ಆಟವನ್ನು.

ಆಗ ಅವನು ಮಣಿಕಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಎಲುಬು ಉಬ್ಬಿದ ಜಾಗದಲ್ಲಿ ಕೆಂಪು ಗೆರೆ ಕೂತಿತ್ತು. ಅರ್ಧ ಗಂಟೆ ಕಾದ. ಅದು ಮಾಸಲಿಲ್ಲ. ಇಷ್ಟು ದಿನ ಕೊಕ್ಕೆ ಯಾವ ತೂತಿನಲ್ಲಿದೆ ಎಂದು ನೋಡಿದ್ದನೇ ಹೊರತು ಪಟ್ಟಿಯ ಕೆಳಗೆ ಏನಾಗಿದೆ ಎಂದು ಅವನು ನೋಡಿರಲಿಲ್ಲ.

"ನೋಯತಿತ್ತೇನವಾ?"

"ಭಾಳ ನೋಯತಿತ್ತು. ನೋವು ತಪ್ಪಿಸಾಕ ಮೈ ತಾನ ವಾಲತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀವು ಅಷ್ಟು ಖುಷಿ ಆಗಿದ್ರಿ ಯಪ್ಪಾ. ಹ್ಯಾಂಗ ಹೇಳಲಿ?" ಎಂದಳು ಕಾಶವ್ವ.

ಅವನಿಗೆ ನಾಚಿಕೆಯಾಯಿತು. ತಾನು ಯಾರ ಕೈ ತಿದ್ದಲು ಕೂತಿದ್ದನೋ ಅವಳೇ ತನ್ನ ಮನಸ್ಸು ನೋಯಬಾರದೆಂದು ನೋವು ನುಂಗಿಕೊಂಡು ಕೂತಿದ್ದಳು. ಮೂರು ವಾರ ಹಾಳಾಗಿತ್ತು. ಉಳಿದದ್ದು ಐದು ವಾರ.

ಅವನು ಮೊದಲಿಂದ ಶುರು ಮಾಡಿದ. ಕೆಂಪು ಮಾಸುವವರೆಗೆ ಎರಡು ದಿನ ಸ್ಪ್ಲಿಂಟ್ ಕಟ್ಟಲೇ ಇಲ್ಲ. ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಅಗಲ ಮಾಡಿದ, ಎಲುಬಿನ ಜಾಗಕ್ಕೆ ಮೆತ್ತನೆಯ ಉಣ್ಣೆ ಹೊಲಿದ. ತನ್ನ ನೇರ ಹೊಲಿಗೆಯನ್ನು ತಾನೇ ಕತ್ತರಿಸಿದ. ಮೂರನೆಯ ದಿನ ಕೊಕ್ಕೆಯನ್ನು ಮೊದಲನೆಯ ತೂತಿಗೆ ಹಾಕಿದ. ಅವಳ ರೊಟ್ಟಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೊಣಕೈಗೂ ಪಕ್ಕೆಗೂ ನಡುವೆ ಇಟ್ಟ.

"ಬಟ್ಟಿ ಬಿದ್ದರ ಆ ಸಲದ್ದು ಲೆಕ್ಕಕ್ಕಿಲ್ಲ" ಎಂದ.

ಅವತ್ತು ಬಟ್ಟೆ ಹನ್ನೊಂದು ಸಲ ಬಿತ್ತು. ಕಾಶವ್ವ ಅತ್ತಳು. ಅವನು ಪ್ರತಿ ಸಲವೂ ಬಟ್ಟೆ ಎತ್ತಿ, ಕೊಡವಿ, ಮತ್ತೆ ಅಲ್ಲೇ ಇಟ್ಟ.

ಅರ್ಧ ಗಂಟೆ ಕಟ್ಟುವುದು, ಬಿಚ್ಚುವುದು, ಚರ್ಮ ನೋಡುವುದು. ಕೆಂಪು ಬೇಗ ಮಾಸಿದರೆ ಮತ್ತೆ ಕಟ್ಟುವುದು. ಬೆರಳು ಜುಮುಗುಟ್ಟಿದರೆ ಸಡಿಲಿಸುವುದು. ಒಂದು ವಾರ ಎರಡನೆಯ ತೂತಿಗೆ ಹೋಗಿ, ಬೆರಳು ಜುಮುಗುಟ್ಟಿತೆಂದು ಮತ್ತೆ ಮೊದಲನೆಯದಕ್ಕೇ ಬಂದರು. ನೋಡುವವರು ನಕ್ಕರು. ನಗಲಿ ಎಂದು ಅವನು ತನ್ನ ಕೆಲಸ ಮುಂದುವರಿಸಿದ.

ಈ ನಡುವೆ ಕಾಶವ್ವ ಬಾಯಿ ಬಿಡಲು ಕಲಿತಳು. ಕಲಿತ ಮೇಲೆ ಕೇಳಬೇಕೇ? ಇಲ್ಲಿ ಚುಚ್ಚುತ್ತದೆ, ಅಲ್ಲಿ ಜಾರುತ್ತದೆ, ಇವತ್ತು ಸಡಿಲಾಯಿತು, ಇಷ್ಟೇನಾ ನಿನ್ನ ವಿದ್ಯೆ ಎಂದು ದಿನವೂ ಅವನ ಬೆಂಡೆತ್ತಿದಳು. ಅವಳು ಸಡಿಲವಾಯಿತು ಎಂದ ದಿನ ಮಾತ್ರ ಅವನು ಕೊಕ್ಕೆಯನ್ನು ಮುಂದಿನ ತೂತಿಗೆ ಹಾಕಿದ. ಉಳಿದ ಐದರಲ್ಲಿ ನಾಲ್ಕನೆಯ ವಾರ ಅವಳ ಅಂಗೈಯ ಮೇಲೆ ನಾಲ್ಕು ಜೋಳದ ಕಾಳು ಉರುಳದೆ ನಿಂತವು. ಬಟ್ಟೆಯೂ ಬೀಳಲಿಲ್ಲ.

ಐದನೆಯ ವಾರದ ಕೊನೆಯ ದಿನ ಅವನೇ ಖಾನಾವಳಿಗೆ ಹೋದ. ಸುದ್ದಿ ತಿಳಿದು ಹಳೆಯ ಊಟದವರೆಲ್ಲ ಬಂದು ಸಾಲಾಗಿ ಕೂತಿದ್ದರು. ಸ್ಪ್ಲಿಂಟ್ ಗೂಟದ ಮೇಲಿತ್ತು. ಕಾಶವ್ವ ಒಲೆಯ ಮುಂದೆ ಕೂತಳು. ಬಲಕ್ಕೆ ಅದೇ ಗೋಡೆ. ಹಿಟ್ಟು ನಾದಿದಳು, ರೊಟ್ಟಿ ಬಡಿದಳು. ಬಡಿದಾದ ಮೇಲೆ ಬಟ್ಟೆಯನ್ನು ತಾನೇ ಮಡಿಸಿ ಮೊಣಕೈಗೂ ಪಕ್ಕೆಗೂ ನಡುವೆ ಇಟ್ಟುಕೊಂಡಳು.

ಅವಳು ರೊಟ್ಟಿಯ ಅಂಚು ಹಿಡಿದು ಎತ್ತಿದಳು. ಮುಂಗೈ ತಿರುಗಿತು. ರೊಟ್ಟಿ ಅಂಗೈಯ ಮೇಲೆ ಬಂದು ಕೂತಿತು. ಭುಜ ಗೋಡೆಗೆ ತಾಗಲಿಲ್ಲ. ಅಂಗೈ ಮಗುಚಿದಳು. ರೊಟ್ಟಿ ಒಂದು ಸುಕ್ಕೂ ಇಲ್ಲದೆ ಹಂಚಿನ ಮೇಲೆ ಬಿತ್ತು. ನೀರು ಸವರಿ ತಿರುವಿ ಹಾಕಿದಳು. ರೊಟ್ಟಿ ಉಬ್ಬಿತು. ಬಟ್ಟೆ ಇದ್ದಲ್ಲೇ ಇತ್ತು.

"ಭಲೇ ಕಾಶವ್ವ!" ಎಂದು ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ತಟ್ಟೆ ಬಡಿದರು, ಲೋಟ ಬಡಿದರು. ಅವಳು ಅವರತ್ತ ತಿರುಗಲಿಲ್ಲ. ಎರಡನೆಯ ಉಂಡೆಗೆ ಕೈ ಹಾಕಿದ್ದಳು. ಮೊದಲ ದಿನ ಹತ್ತು ಸಾಕು ಎಂದು ಅವನು ಹೇಳಿದ. ನಲವತ್ತು ಬಡಿದಳು.

ಎಲ್ಲರದೂ ಆದ ಮೇಲೆ ತಾನೂ ಒಂದು ತಟ್ಟೆ ಹಾಕಿಕೊಂಡಳು. ಬಲಗೈಯಿಂದ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿ ಬಾಯಿಗಿಟ್ಟಳು. ನಾಲ್ಕು ತಿಂಗಳ ಮೇಲೆ ಬಲಗೈಯ ತುತ್ತು. ಅದನ್ನು ಅಗಿಯುತ್ತಾ ನಕ್ಕಳು, ನಗುತ್ತಲೇ ಅತ್ತಳು. ಸ್ಪ್ಲಿಂಟಿನವನು ಈ ಸಲ ಯಾರನ್ನೂ ಕರೆದು ತೋರಿಸಲಿಲ್ಲ. ಎಷ್ಟನೆಯ ತೂತಿಗೆ ಕೈ ಬಂತು ಎಂದು ಯಾರೋ ಕೇಳಿದರೆ, "ನನಗೇನ ಗೊತ್ತು, ಅವ್ವನ್ನ ಕೇಳ್ರಿ" ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದ.

ಗುರುಗಳು ಕತೆ ನಿಲ್ಲಿಸಿದರು. ಮುರುಗಯ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ನಾಳೆಯಿಂದಲೇ ಅವನ ನಿಯಮಗಳನ್ನು ಸಡಿಲಿಸುತ್ತೇನೆ. ಎಷ್ಟು ಸಡಿಲಿಸಲಿ ಹೇಳಿ" ಎಂದ.

"ನೀನು ಖುಷಿಯಾಗಿದ್ದೀ ಎಂದು ಅವನು ನಿನಗೆ ಹೇಳದೆ ನುಂಗಿಕೊಂಡಿರುವ ಮಾತು ಯಾವುದು, ಮುರುಗಯ್ಯ?" ಎಂದರು ಗುರುಗಳು.

ಮುರುಗಯ್ಯ ಎದ್ದು, ಅದನ್ನು ಅವನನ್ನೇ ಕೇಳಲು ಹೊರಟ.